ಪಣಜಿಯ ಫೊಂಟೇನ್ಹಾಸ್‌ನಲ್ಲಿ ಹಳೆಯ ಮನೆಯ ಹೋಟೆಲು: ಕೋಣೆ ಆರಿಸುವುದರಿಂದ ಊರಿಗೆ ಹೊರಡುವವರೆಗೆ

ಬೆಳಿಗ್ಗೆ 10 ಗಂಟೆಗೆ ಪಣಜಿಯ ಹಳೆಯ ಬಡಾವಣೆಯಾದ ಫೊಂಟೇನ್ಹಾಸ್‌ಗೆ ಹೋಗಿ ಮಧ್ಯಾಹ್ನ 12ಕ್ಕೆ ಮರಳಿ ಬಂದವರು ಅದನ್ನು ನೋಡಿ ಬಂದೆವು ಎಂದರೆ ನಾನು ಒಪ್ಪುವುದಿಲ್ಲ. ಆ ಹೊತ್ತಿನಲ್ಲಿ ಅಲ್ಲಿ ಕಾಣುವುದು ಹಳದಿ, ನೀಲಿ, ಇಟ್ಟಿಗೆಗೆಂಪು ಗೋಡೆಗಳು ಮತ್ತು ಅವುಗಳ ಮುಂದೆ ಫೋಟೋಗೆ ನಿಂತ ಜನ. ಸಂಜೆ ದೀಪ ಹಚ್ಚಿದ ಮೇಲೆ, ಮತ್ತೆ ಬೆಳಿಗ್ಗೆ 8 ಗಂಟೆಯ ಒಳಗೆ, ಅದೇ ಓಣಿಗಳು ಅಲ್ಲಿ ವಾಸಿಸುವವರ ಕೈಗೆ ಮರಳುತ್ತವೆ. ಮುಚ್ಚಿದ್ದ ಕಿಟಕಿಗಳು ತೆರೆಯುತ್ತವೆ, ಒಗ್ಗರಣೆಯ ವಾಸನೆ ಬೀದಿಗೆ ಬರುತ್ತದೆ, ಒಂದು ಮನೆಯ ಮಾಳಿಗೆಯಿಂದ ಎದುರು ಮನೆಗೆ ಕೊಂಕಣಿಯಲ್ಲಿ ಮಾತು ಹಾಯುತ್ತದೆ. ಹಳೆಯ ಮನೆಯ ಹೋಟೆಲಿಗೆ ಕೊಡುವ ಬಾಡಿಗೆಯನ್ನು ಈ ಎರಡು ಹೊತ್ತುಗಳಿಗೆ ಕೊಡುವ ಬೆಲೆ ಎಂದೇ ನಾನು ಲೆಕ್ಕ ಹಾಕುತ್ತೇನೆ. ಕೋಣೆ ಆರಿಸುವಾಗ, ದಿನ ಗೊತ್ತುಮಾಡುವಾಗ, ತಿರುಗಾಟದ ಯೋಜನೆ ಹಾಕುವಾಗ ಈ ಒಂದು ಮಾತು ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ.

ಧಾರವಾಡದಿಂದ ಹಲವು ಸಲ ಅಲ್ಲಿಗೆ ಹೋಗಿ ಉಳಿದಿದ್ದೇನೆ. ಒಮ್ಮೊಮ್ಮೆ ಒಬ್ಬನೇ, ಎರಡು ಸಲ ಅವ್ವನನ್ನು ಕರೆದುಕೊಂಡು. ಅವ್ವನಿಗೆ ಮೊಣಕಾಲು ನೋವು, ಮೀನು ತಿನ್ನುವುದಿಲ್ಲ, ರಾತ್ರಿ ಸಣ್ಣ ಸದ್ದಾದರೂ ಎಚ್ಚರವಾಗುತ್ತದೆ. ಹಳೆಯ ಮನೆಯ ಹೋಟೆಲಿನ ಸುಖವೂ ಕಷ್ಟವೂ ಏನೆಂದು ನನಗೆ ಸರಿಯಾಗಿ ಗೊತ್ತಾದದ್ದು ಅವಳೊಂದಿಗೆ ಹೋದಾಗಲೇ.

ಮೊದಲು ಜಾಗದ ಗುರುತು

ಪಶ್ಚಿಮಕ್ಕೆ ಅಲ್ತಿನ್ಹೊ ಗುಡ್ಡ, ಪೂರ್ವಕ್ಕೆ ಊರೆಮ್ ತೊರೆ. ಇವೆರಡರ ನಡುವಿನ ಸಪೂರ ಪಟ್ಟಿಯೇ ಫೊಂಟೇನ್ಹಾಸ್. ಗುಡ್ಡದ ಬುಡದಲ್ಲಿ ಫೋಂತೆ ಫೆನಿಕ್ಸ್ ಎಂಬ ನೀರಿನ ಬುಗ್ಗೆಯಿದೆ, ಬಡಾವಣೆಯ ಹೆಸರು ಅದರಿಂದಲೇ ಬಂದದ್ದು. ಉತ್ತರಕ್ಕೆ ನಡೆದರೆ ಸಾಂವ್ ತೊಮೆ ಎಂಬ ಇನ್ನೊಂದು ಹಳೆಯ ಕೇರಿ ಸಿಗುತ್ತದೆ, ಹಳೆಯ ಅಂಚೆ ಕಚೇರಿ ಇರುವುದು ಆ ಕಡೆ. ಹಳೆಯ ಗೋವಾ ನಗರ ರೋಗರುಜಿನಗಳಿಂದ ಬರಿದಾಗುತ್ತ ಬಂದಾಗ ಪೋರ್ಚುಗೀಸ್ ವೈಸ್‌ರಾಯ್ 1759ರಲ್ಲಿ ತನ್ನ ವಾಸವನ್ನು ಪಣಜಿಗೆ ತಂದ. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ನೌಕರರು, ವ್ಯಾಪಾರಿಗಳು ಮನೆ ಕಟ್ಟಿಕೊಳ್ಳುತ್ತ ಈ ಓಣಿಗಳು ಬೆಳೆದವು.

ವೈಸ್‌ರಾಯ್ ಬಂದು ಸೇರಿಕೊಂಡದ್ದು ನಮ್ಮ ವಿಜಾಪುರದ ಆದಿಲಶಾಹಿ ಅರಮನೆಯನ್ನು. ಮಾಂಡವಿ ನದಿಯ ದಂಡೆಯ ಮೇಲೆ ಅದು ಇಂದಿಗೂ ನಿಂತಿದೆ. ಫೊಂಟೇನ್ಹಾಸ್‌ನಿಂದ ಕಾಲ್ನಡಿಗೆಯ ದೂರ. ಕರ್ನಾಟಕದಿಂದ ಹೋದವರಿಗೆ ಇನ್ನೊಂದು ಪರಿಚಯದ ಹೆಸರು ಬಸ್ ಇಳಿದ ಕೂಡಲೇ ಎದುರಾಗುತ್ತದೆ: ಕದಂಬ ಬಸ್ ನಿಲ್ದಾಣ. ಬನವಾಸಿಯ ಕದಂಬರ ಕುಲದವರೇ ಮುಂದೆ ಗೋವೆಯನ್ನೂ ಆಳಿದರು, ಅಲ್ಲಿನ ಸರ್ಕಾರಿ ಬಸ್ಸುಗಳು ಅವರ ಹೆಸರನ್ನೇ ಹೊತ್ತು ಓಡುತ್ತವೆ.

ಯಾವಾಗ ಹೋಗಬೇಕು

ನವೆಂಬರ್ ಎರಡನೇ ಭಾಗದಲ್ಲಿ ಪಣಜಿಯಲ್ಲಿ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಇರುತ್ತದೆ. ಡಿಸೆಂಬರ್ 3ಕ್ಕೆ ಹಳೆಯ ಗೋವಾದಲ್ಲಿ ಸಂತ ಫ್ರಾನ್ಸಿಸ್ ಜೇವಿಯರರ ಹಬ್ಬ, 8ಕ್ಕೆ ಪಣಜಿಯ ದೊಡ್ಡ ಚರ್ಚಿನ ಹಬ್ಬ, ಆಮೇಲೆ ಕ್ರಿಸ್ಮಸ್, ಹೊಸ ವರ್ಷ. ಫೆಬ್ರವರಿಯಲ್ಲೋ ಮಾರ್ಚ್ ಮೊದಲಿಗೋ ಕಾರ್ನಿವಾಲ್. ಹತ್ತು ಹನ್ನೆರಡು ಕೋಣೆಗಳ ಹೋಟೆಲು ಇಂಥ ದಿನಗಳಲ್ಲಿ ತಿಂಗಳುಗಳ ಮೊದಲೇ ತುಂಬಿರುತ್ತದೆ, ಬಾಡಿಗೆಯೂ ಏರಿರುತ್ತದೆ. ಹಬ್ಬವೇ ನೋಡಬೇಕೆಂದಿದ್ದರೆ ಸರಿ. ಮನೆ ಮತ್ತು ಓಣಿ ನೋಡಬೇಕೆಂದಿದ್ದರೆ ಜನವರಿಯ ಕೊನೆಯ ಎರಡು ವಾರದಲ್ಲಿ, ಸೋಮವಾರದಿಂದ ಗುರುವಾರದ ನಡುವೆ ಹೋಗಿ. ಶುಕ್ರವಾರ ಸಂಜೆಯಿಂದ ನದಿಯ ದಂಡೆಯ ರಸ್ತೆಯಲ್ಲಿ ಕ್ಯಾಸಿನೊ ಹಡಗುಗಳಿಗೆ ಬರುವವರ ವಾಹನಗಳ ಸಾಲು ಕಟ್ಟುತ್ತದೆ.

ಮಳೆಗಾಲದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಡಿಗೆ ಇಳಿಯುತ್ತದೆ, ಓಣಿಗಳು ಖಾಲಿ, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ರಾತ್ರಿಯಿಡೀ ಕೇಳಬಹುದು. ಆದರೆ ಮುರಕಲ್ಲಿನ ಗೋಡೆ ನೀರು ಕುಡಿಯುತ್ತದೆ. ಗುಡ್ಡಕ್ಕೆ ಬೆನ್ನು ಕೊಟ್ಟ ಕೋಣೆಗಳಲ್ಲಿ ಗೋಡೆ ತೇವವಾಗಿ ಹಾಸಿಗೆ, ದಿಂಬು ಎಲ್ಲಕ್ಕೂ ಬೂಸಲಿನ ವಾಸನೆ ಹತ್ತುತ್ತದೆ. ಜುಲೈನಲ್ಲಿ ಒಮ್ಮೆ ಇಂಥ ಕೋಣೆಯಲ್ಲಿ ಎರಡು ರಾತ್ರಿ ಕಳೆದೆ. ಎರಡನೇ ದಿನಕ್ಕೆ ನನ್ನ ಚರ್ಮದ ಚಪ್ಪಲಿಯ ಮೇಲೆ ಬಿಳಿ ಪೊರೆ ಕಾಣಿಸಿತು. ಉಬ್ಬಸ ಇರುವವರು, ಧೂಳು ಆಗದವರು ಮಳೆಗಾಲವನ್ನು ಬಿಟ್ಟುಬಿಡಿ. ಉಳಿದವರು ಮಾಳಿಗೆಯ ಮೇಲಿನ, ಬೀದಿ ಕಡೆಗೆ ಕಿಟಕಿಯಿರುವ ಕೋಣೆಯನ್ನೇ ಕೇಳಿ.

ಹೋಟೆಲನ್ನಲ್ಲ, ಕೋಣೆಯನ್ನು ಆರಿಸಿ

ಹೊಸ ಹೋಟೆಲಿನಲ್ಲಿ 204ಕ್ಕೂ 304ಕ್ಕೂ ವ್ಯತ್ಯಾಸವಿಲ್ಲ. ಒಂದು ಕುಟುಂಬ ಬಾಳಿ ಬದುಕಿದ ಮನೆಯಲ್ಲಿ ಹಾಗಲ್ಲ. ಅಲ್ಲಿ ಒಂದು ಕೋಣೆ ಅತಿಥಿಗಳನ್ನು ಕೂರಿಸುವ ಪಡಸಾಲೆಯಾಗಿತ್ತು, ಇನ್ನೊಂದು ಉಗ್ರಾಣವಾಗಿತ್ತು. ಗೋಡೆ ಎಬ್ಬಿಸಿ ಬಚ್ಚಲು ಕೂಡಿಸಿದ ಮಾತ್ರಕ್ಕೆ ಉಗ್ರಾಣಕ್ಕೆ ಬೆಳಕು ಬರುವುದಿಲ್ಲ. ಒಂದೇ ಹೋಟೆಲಿನ ಬಗ್ಗೆ ಒಬ್ಬರು ಹೊಗಳಿ, ಇನ್ನೊಬ್ಬರು ತೆಗಳಿ ಬರೆದಿರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಹಾಗಾಗಿ ಆ್ಯಪ್‌ನಲ್ಲಿ ಚಿತ್ರ ನೋಡಿ ನೇರವಾಗಿ ಹಣ ಕಟ್ಟಬೇಡಿ. ಹೋಟೆಲಿಗೆ ಫೋನ್ ಮಾಡಿ. ಮಧ್ಯಾಹ್ನ 1ರಿಂದ 4ರವರೆಗೆ ಬೇಡ, ಗೋವಾದಲ್ಲಿ ಅದು ಊಟ ಮುಗಿಸಿ ಒರಗುವ ಹೊತ್ತು. ಬೆಳಿಗ್ಗೆ 11ರ ಸುಮಾರಿಗೆ ಮಾಡಿದರೆ ಮಾತಾಡಲು ಅವರಿಗೂ ಪುರುಸೊತ್ತಿರುತ್ತದೆ. ನಾನು ಕೇಳುವ ಮೊದಲ ಪ್ರಶ್ನೆ: “ಕೋಣೆ ಹಳೆಯ ಮನೆಯೊಳಗೇ ಇದೆಯೇ, ಹಿಂದೆ ಹೊಸದಾಗಿ ಕಟ್ಟಿದ್ದರಲ್ಲಿ ಇದೆಯೇ?” ಈ ಪ್ರಶ್ನೆಯನ್ನು ಕಲಿತದ್ದು ಒಂದು ಪೆಟ್ಟು ತಿಂದ ಮೇಲೆ. ನಾಲ್ಕು ಕಂಬದ ಮಂಚ, ಚಿಪ್ಪಿನ ಕಿಟಕಿ ಇರುವ ಚಿತ್ರ ನೋಡಿ ಮುಂಗಡ ಕಟ್ಟಿದ್ದೆ. ಹೋದಾಗ ಹಿತ್ತಿಲಿನಲ್ಲಿ ಕಾಂಕ್ರೀಟಿನ ಎರಡಂತಸ್ತು ತೋರಿಸಿದರು. ಟೈಲ್ಸ್ ನೆಲ, ಅಲ್ಯುಮಿನಿಯಂ ಕಿಟಕಿ. ಹೋಟೆಲು ಅದೇ, ವಿಳಾಸ ಅದೇ. ನನ್ನ ಬಳಿ ಬರಹದಲ್ಲಿ ಏನೂ ಇರಲಿಲ್ಲ. ಅಂದಿನಿಂದ ಫೋನಿನಲ್ಲಿ ಒಪ್ಪಿದ್ದನ್ನೆಲ್ಲ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳುಹಿಸಿ, “ಸರಿ” ಎಂಬ ಉತ್ತರ ಬಂದ ಮೇಲೆಯೇ ಹಣ ಕಟ್ಟುತ್ತೇನೆ.

ಎರಡನೆಯದು ಕಿಟಕಿ. “ಕಿಟಕಿ ಇದೆಯೇ” ಎಂದರೆ ಇದೆ ಎಂದೇ ಹೇಳುತ್ತಾರೆ. ಅದು ಎಲ್ಲಿಗೆ ತೆರೆಯುತ್ತದೆ ಎಂದು ಕೇಳಬೇಕು. ಕೆಲವು ಕೋಣೆಗಳ ಕಿಟಕಿ ಒಳಗಿನ ಓಡಾಟದ ದಾರಿಗೆ ತೆರೆಯುತ್ತದೆ, ಅದನ್ನು ತೆರೆದಿಟ್ಟು ಮಲಗಲಾಗದು. ಬೀದಿ ಕಡೆಯ ಕೋಣೆಗೆ ಕಬ್ಬಿಣದ ಕಟಾಂಜನದ ಸಣ್ಣ ಬಾಲ್ಕನಿ ಇರುತ್ತದೆ, ಪೂರ್ವದ ಬಿಸಿಲು ಬೆಳಿಗ್ಗೆಯೇ ಒಳಗೆ ಬರುತ್ತದೆ, ಜೊತೆಗೆ ಬೈಕುಗಳ ಸದ್ದೂ ಬರುತ್ತದೆ. ಹಿಂದಿನ ಕೋಣೆ ತಂಪು, ನಿಶ್ಶಬ್ದ, ಕತ್ತಲು. ಒಂದೇ ರಾತ್ರಿ ಉಳಿಯುವವರಿಗೆ ನಾನು ಬೀದಿ ಕಡೆಯದನ್ನೇ ಹೇಳುತ್ತೇನೆ. ನಿದ್ದೆ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಆ ಬಾಲ್ಕನಿಯಲ್ಲಿ ಬೆಳಿಗ್ಗೆ ಚಹಾ ಕುಡಿಯುವ ಅರ್ಧ ತಾಸಿಗಾಗಿಯೇ ಅಷ್ಟು ದೂರ ಹೋಗಬಹುದು.

ವಯಸ್ಸಾದವರು ಜೊತೆಗಿದ್ದರೆ ಮೆಟ್ಟಿಲು, ಬಚ್ಚಲು ಎರಡನ್ನೂ ವಿಚಾರಿಸಿ. ಇಂಥ ಮನೆಗಳಲ್ಲಿ ಲಿಫ್ಟ್ ಇರುವುದು ಅಪರೂಪ. ಮರದ ಮೆಟ್ಟಿಲುಗಳು ಕಡಿದಾಗಿರುತ್ತವೆ, ಪಾದವಿಡುವ ಅಗಲ ಕಡಿಮೆ. ಹಳೆಯ ನೆಲದ ಮೇಲೆಯೇ ಕೊಳವೆ ಹಾಯಿಸಿ ಬಚ್ಚಲು ಕಟ್ಟಿರುವುದರಿಂದ ಅದರ ಬಾಗಿಲಲ್ಲಿ ಗೇಣುದ್ದದ ಮೆಟ್ಟಿಲು ಇರುವುದುಂಟು. ರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದವರು ಎಡವುವುದು ಅಲ್ಲೇ. ಅವ್ವನೊಂದಿಗೆ ಮೊದಲ ಸಲ ಹೋದಾಗ ಇದನ್ನು ಕೇಳಿರಲಿಲ್ಲ. ಮೇಲಿನ ಕೋಣೆಗೆ ನೀರು ತಂದಿಟ್ಟ ಹುಡುಗ ನಮ್ಮ ಮಾತು ಕೇಳಿ, “ನೀವು ಧಾರವಾಡ ಕಡೆಯವರೇನು?” ಎಂದ. ಅವನು ಗದಗ ಜಿಲ್ಲೆಯವನು. ಗೋವಾದ ಹೋಟೆಲುಗಳಲ್ಲಿ ಉತ್ತರ ಕರ್ನಾಟಕದ ಹುಡುಗರು ಬಹಳ ಮಂದಿ ದುಡಿಯುತ್ತಾರೆ. ಅವ್ವ ಮೆಟ್ಟಿಲು ಹತ್ತಿ ಬಂದ ಬಗೆಯನ್ನು ಅವನು ನೋಡಿದ್ದ. “ಅವ್ವನವರಿಗೆ ಇದು ಬೇಡ, ಕೆಳಗೆ ಅಂಗಳದ ಪಕ್ಕದ ಕೋಣೆ ಖಾಲಿ ಇದೆ, ಕೇಳಿ ನೋಡಿ” ಎಂದು ಮೆಲ್ಲಗೆ ಹೇಳಿದ. ಕೇಳಿದೆವು, ಕೊಟ್ಟರು. ಹಿಂದೂ ಕುಟುಂಬಗಳ ಹಳೆಯ ಮನೆಗಳಲ್ಲಿ ನಡುವೆ ತೆರೆದ ಅಂಗಳ ಇರುತ್ತದೆ, ಅದರ ಸುತ್ತಲಿನ ಕೆಳಗಿನ ಕೋಣೆಗಳು ಹಿರಿಯರಿಗೆ ಹೇಳಿ ಮಾಡಿಸಿದಂತಿರುತ್ತವೆ. ಕನ್ನಡ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಫೋನಿನಲ್ಲೇ ಕೇಳಿ ನೋಡಿ. ಮಾಲೀಕರು ಹೇಳದ್ದನ್ನು ಅವರು ಹೇಳುತ್ತಾರೆ.

ಉಳಿದವು ಸಣ್ಣ ಪ್ರಶ್ನೆಗಳು: ಕರೆಂಟ್ ಹೋದರೆ ಏನು ವ್ಯವಸ್ಥೆ, ಹೊರಬಾಗಿಲಿಗೆ ರಾತ್ರಿ ಎಷ್ಟು ಗಂಟೆಗೆ ಬೀಗ ಬೀಳುತ್ತದೆ, ತಡವಾದರೆ ಬಾಗಿಲು ತೆರೆಯುವವರು ಯಾರು, ತಿಂಡಿ ಬಾಡಿಗೆಯಲ್ಲಿ ಸೇರಿದೆಯೇ, ಹೇಳಿದ ಬಾಡಿಗೆಗೆ ತೆರಿಗೆ ಸೇರಿದೆಯೇ. ಹೆಸರು ಬೇಕೆಂದು ಕೇಳುವವರಿಗೆ 31 ಜನವರಿ ರಸ್ತೆಯ ಪಂಜಿಂ ಇನ್ ಮತ್ತು ಅದೇ ಬಳಗದ ಪಂಜಿಂ ಪೌಸಾದಾ ಹೇಳುತ್ತೇನೆ. ಮೊದಲನೆಯದು ಬಾಲ್ಕನಿಯ ಮನೆ, ಎರಡನೆಯದು ಅಂಗಳದ ಮನೆ. ಇವಲ್ಲದೆ ನಾಲ್ಕೈದು ಕೋಣೆಗಳ ಸಣ್ಣ ವಸತಿಗೃಹಗಳೂ ಓಣಿಗಳಲ್ಲಿ ಇವೆ.

ತಲುಪುವ ದಾರಿ

ಬೆಳಗಾವಿ, ಹುಬ್ಬಳ್ಳಿ, ಕಾರವಾರಗಳಿಂದ ನಮ್ಮ ಸಾರಿಗೆಯ ಬಸ್ಸುಗಳೂ ಕದಂಬ ಬಸ್ಸುಗಳೂ ಪಣಜಿಗೆ ಓಡುತ್ತವೆ. ನಿಲ್ದಾಣದಲ್ಲಿ ಇಳಿದು ಊರೆಮ್ ತೊರೆಯ ಸೇತುವೆ ದಾಟಿದರೆ ಕಾಲು ತಾಸಿನೊಳಗೆ ಫೊಂಟೇನ್ಹಾಸ್. ಟ್ಯಾಕ್ಸಿಯೇ ಬೇಡ. ಒಬ್ಬರೇ ಇದ್ದು ಚೀಲ ಸಣ್ಣದಿದ್ದರೆ ಹಳದಿ ಕಪ್ಪು ಬಣ್ಣದ ಬಾಡಿಗೆ ಬೈಕು ಸಿಗುತ್ತದೆ, ಅದನ್ನು ಓಡಿಸುವವರನ್ನು ಅಲ್ಲಿ ‘ಪೈಲಟ್’ ಎನ್ನುತ್ತಾರೆ. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ಕರಾವಳಿಯಿಂದ ಕೊಂಕಣ ರೈಲಿನಲ್ಲಿ ಬರುವವರಿಗೆ ಹತ್ತಿರದ ನಿಲ್ದಾಣ ಕರ್ಮಳಿ, ಆದರೆ ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ. ಓಲಾ, ಊಬರ್ ನೆಚ್ಚಿಕೊಳ್ಳಬೇಡಿ, ಗೋವಾದಲ್ಲಿ ಬಳಕೆಯಲ್ಲಿರುವುದು ಗೋವಾಮೈಲ್ಸ್ ಆ್ಯಪ್.

ಸ್ವಂತ ಕಾರಿನಲ್ಲಿ ಹೋಗುವವರು ಕಾರನ್ನು ಓಣಿಯೊಳಗೆ ತರಲೇಬೇಡಿ. ಎದುರಿನಿಂದ ಇನ್ನೊಂದು ವಾಹನ ಬಂದರೆ ಹಿಂದಕ್ಕೆ ಹೋಗಲೂ ಜಾಗವಿಲ್ಲ, ಮನೆಗಳ ಮೆಟ್ಟಿಲುಗಳು ನೇರವಾಗಿ ರಸ್ತೆಗೇ ಇಳಿದಿರುತ್ತವೆ. ತೊರೆಯ ಪಕ್ಕದ ರಸ್ತೆಯಲ್ಲೋ ಬಸ್ ನಿಲ್ದಾಣದ ಬಳಿಯ ಪಾಟೊ ಕಡೆಯಲ್ಲೋ ನಿಲ್ಲಿಸಿ ನಡೆದುಕೊಂಡು ಬನ್ನಿ. ಚಕ್ರದ ಸೂಟ್‌ಕೇಸಿಗಿಂತ ಬೆನ್ನಿಗೆ ಹಾಕುವ ಚೀಲ ಒಳ್ಳೆಯದು, ಮರದ ಮೆಟ್ಟಿಲ ಮೇಲೆ ಸೂಟ್‌ಕೇಸು ಎಳೆದರೆ ಮೆಟ್ಟಿಲಿನ ಅಂಚು ಕಿತ್ತುಬರುತ್ತದೆ. ಗುರುತಿನ ಚೀಟಿ ಕೇಳುತ್ತಾರೆ. ಆಧಾರ್ ಕೊಡುವುದಾದರೆ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನು ಮೊದಲೇ ಇಳಿಸಿಕೊಂಡು ಹೋಗಿ.

ಕೋಣೆಯಲ್ಲಿ ಮೊದಲ ಅರ್ಧ ತಾಸು

ಚೀಲ ಬಿಚ್ಚುವ ಮೊದಲು ಕಿಟಕಿ ತೆರೆದು ವಾಸನೆ ನೋಡಿ. ಐದು ನಿಮಿಷ ಗಾಳಿ ಆಡಿದ ಮೇಲೂ ಬೂಸಲಿನ ವಾಸನೆ ಉಳಿದರೆ ಆಗಲೇ ಬೇರೆ ಕೋಣೆ ಕೇಳಿ, ಒಂದು ರಾತ್ರಿ ಮಲಗಿದ ಮೇಲೆ ಕೇಳುವುದು ಸರಿಯಾಗುವುದಿಲ್ಲ. ಬಿಸಿನೀರು ಬರುತ್ತದೆಯೇ, ಸೊಳ್ಳೆಪರದೆಯಲ್ಲಿ ತೂತು ಇದೆಯೇ, ಮಂಚದ ಹತ್ತಿರ ಮೊಬೈಲ್ ಚಾರ್ಜ್ ಮಾಡಲು ಪ್ಲಗ್ ಇದೆಯೇ ಎಂದು ನೋಡಿಕೊಳ್ಳಿ. ಊರೆಮ್ ತೊರೆಗೆ ಸಮುದ್ರದ ಉಬ್ಬರ ಇಳಿತ ತಾಕುತ್ತದೆ. ನೀರು ಇಳಿದಾಗ ಕೆಸರಿನ ವಾಸನೆ ಬರುವುದುಂಟು, ಸಂಜೆಗೆ ಸೊಳ್ಳೆಯೂ ಬರುತ್ತದೆ. ಸೂರ್ಯ ಗುಡ್ಡದ ಹಿಂದೆ ಮರೆಯಾಗುವ ಹೊತ್ತಿಗೆ ಕಿಟಕಿ ಮುಚ್ಚಿ, ಮತ್ತೆ ರಾತ್ರಿ ತೆರೆಯಿರಿ.

ಕಿಟಕಿ ಎಂದೆನಲ್ಲ, ಅದನ್ನು ತೆರೆಯುವ ಮೊದಲು ಒಂದು ಗಳಿಗೆ ಹತ್ತಿರ ನಿಂತು ನೋಡಿ. ಹಳೆಯ ಮನೆಗಳಲ್ಲಿ ಗಾಜಿನ ಜಾಗದಲ್ಲಿ ಸಮುದ್ರದ ಚಿಪ್ಪು ಇರುತ್ತದೆ. ಅಂಗೈಯಗಲದ, ಚಪ್ಪಟೆಯಾದ, ಕಾಗದದಷ್ಟು ತೆಳುವಾದ ಚಿಪ್ಪುಗಳನ್ನು ಚೌಕವಾಗಿ ಕತ್ತರಿಸಿ ಮರದ ಪಟ್ಟಿಗಳಲ್ಲಿ ಕೊರೆದ ಸೀಳಿನಲ್ಲಿ ಒಂದರ ಮೇಲೊಂದು ಅಂಚು ಬರುವಂತೆ ಸೇರಿಸಿರುತ್ತಾರೆ. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಕಡಲು ಕೊಟ್ಟ ಗಾಜು ಇದು. ಬೆಳಿಗ್ಗೆ ಬಿಸಿಲು ಇದರ ಮೂಲಕ ಹಾಯ್ದು ಬರುವಾಗ ನೀರು ಬೆರೆಸಿದ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ, ಒಳಗೆ ಮಾತ್ರ ಬೆಳಕು ತುಂಬಿರುತ್ತದೆ. ಒಂದು ಕೋಣೆಯಲ್ಲಿ ನಾನು ಎಣಿಸಿದಾಗ ಒಂದು ಬಾಗಿಲಿನಲ್ಲಿ ಏಳು ಚಿಪ್ಪು ಹೋಗಿ ಆ ಜಾಗಕ್ಕೆ ಸೀಳಿದ ಪ್ಲಾಸ್ಟಿಕ್ ತುಂಡು ಬಂದಿತ್ತು. ಒಡೆದರೆ ಮತ್ತೆ ಕೂರಿಸಬಲ್ಲ ಬಡಗಿಗಳು ಈಗ ಕಡಿಮೆ. ಆದ್ದರಿಂದ ಚಿಪ್ಪಿನ ಮೇಲೆ ಕೈಯಿಟ್ಟು ತಳ್ಳಬೇಡಿ, ಮರದ ಚೌಕಟ್ಟನ್ನು ಹಿಡಿದು ತೆರೆಯಿರಿ, ತೆರೆದ ಮೇಲೆ ಕೊಕ್ಕೆ ಹಾಕಿ. ಗಾಳಿಗೆ ಬಡಿದುಕೊಂಡು ಒಡೆಯುವುದೇ ಹೆಚ್ಚು.

ತಲೆಯೆತ್ತಿ ಹೆಂಚನ್ನೂ ನೋಡಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಮಂಗಳೂರು ಹೆಂಚು ಕರಾವಳಿಯುದ್ದಕ್ಕೂ ಹಡಗೇರಿ ಹೋಯಿತು. ಗೋವಾದ ಮನೆಗಳ ಮೇಲೂ ಅದೇ ಹೆಂಚು. ಮರದ ಜಂತಿ, ಮರದ ನೆಲ, ಮರದ ಮೆಟ್ಟಿಲು ಇರುವ ಮನೆಯಲ್ಲಿ ಬೆಂಕಿಯ ವಿಷಯ ಮಾತ್ರ ಸಡಿಲ ಬಿಡುವಂತಿಲ್ಲ. ಸೊಳ್ಳೆ ಬತ್ತಿ, ಊದುಬತ್ತಿ, ಮೇಣದಬತ್ತಿ ಯಾವುದನ್ನೂ ಕೋಣೆಯಲ್ಲಿ ಹಚ್ಚಬೇಡಿ. ಒಂದೇ ಪ್ಲಗ್ಗಿಗೆ ಕೆಟಲ್, ಇಸ್ತ್ರಿಪೆಟ್ಟಿಗೆ ಎರಡನ್ನೂ ಸಿಕ್ಕಿಸಬೇಡಿ. ಕೆಳಗಿಳಿಯಲು ಇನ್ನೊಂದು ಮೆಟ್ಟಿಲು ಇದೆಯೇ ಎಂದು ಕೇಳಿ, ಒಮ್ಮೆ ನಡೆದು ನೋಡಿ.

ಮರದ ನೆಲದಲ್ಲಿ ಹೆಜ್ಜೆಯ ಸದ್ದು ಕೆಳಗಿನ ಕೋಣೆಗೆ ನೇರವಾಗಿ ಇಳಿಯುತ್ತದೆ. ಬೂಟು ಬಾಗಿಲಲ್ಲೇ ಬಿಡಿ. ಒದ್ದೆ ಬಟ್ಟೆಯನ್ನು ಸುಣ್ಣದ ಗೋಡೆಗೆ ಒರಗಿಸಬೇಡಿ, ಒಣಹಾಕಲು ಜಾಗ ಕೇಳಿದರೆ ತೋರಿಸುತ್ತಾರೆ.

ಸಂಜೆ ಮತ್ತು ರಾತ್ರಿ

ಬಂದ ದಿನ ಸಂಜೆ ದೂರ ಎಲ್ಲೂ ಹೋಗಬೇಡಿ ಎಂಬುದು ನನ್ನ ಖಂಡಿತವಾದ ಸಲಹೆ. ಕಲಂಗುಟ್, ಮಿರಾಮಾರ್ ಎಂದು ಓಡಿದರೆ ಮರಳುವಾಗ ರಾತ್ರಿ 10 ಆಗಿರುತ್ತದೆ, ಕೋಣೆಗೆ ಕೊಟ್ಟ ಹಣ ಮಲಗಲು ಮಾತ್ರ ಕೊಟ್ಟಂತಾಗುತ್ತದೆ. 5.30ಕ್ಕೆ ಹೊರಬಿದ್ದು ಓಣಿಗಳಲ್ಲಿ ನಿಧಾನವಾಗಿ ನಡೆಯಿರಿ. ಗೋಡೆಗಳ ಮೇಲೆ ನೀಲಿ ಬಿಳಿ ಟೈಲ್ಸ್‌ಗಳ ಮೇಲೆ ಬರೆದ ಬೀದಿ ಹೆಸರುಗಳು, ಮನೆ ಹೆಸರುಗಳು ಕಾಣುತ್ತವೆ. ಅಜುಲೇಜು ಎಂಬ ಈ ಕಲೆಯನ್ನು ಇಲ್ಲಿಗೆ ತಂದವರು ಪೋರ್ಚುಗೀಸರು. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಮನೆಗೆ ಬಣ್ಣ ಬಳಿಯಬೇಕೆಂಬ ಕಟ್ಟಳೆ ಪೋರ್ಚುಗೀಸರ ಕಾಲದಲ್ಲಿತ್ತು, ಪೂರ್ತಿ ಬಿಳಿ ಚರ್ಚುಗಳಿಗೆ ಮೀಸಲಾಗಿತ್ತು ಎಂದು ಅಲ್ಲಿನವರು ಹೇಳುತ್ತಾರೆ.

ರಾತ್ರಿಯೂಟಕ್ಕೆ ಮೀನು, ಮಾಂಸ ತಿನ್ನುವವರಿಗೆ ಓಣಿಯೊಳಗಿನ ವಿವಾ ಪಂಜಿಂ ಇದೆ, ಹಳೆಯ ಮನೆಯೊಂದರ ಅಂಗಳದಲ್ಲೇ ಮೇಜು ಹಾಕಿರುತ್ತಾರೆ. ಸಸ್ಯಾಹಾರಿಗಳಿಗೆ ಫೊಂಟೇನ್ಹಾಸ್ ಒಳಗೆ ಆಯ್ಕೆ ಕಡಿಮೆ, ಚರ್ಚ್ ವೃತ್ತದ ಕಡೆಗೆ ಹತ್ತು ನಿಮಿಷ ನಡೆಯಬೇಕು. ಊಟ ಮುಗಿಸಿ 9ರ ಹೊತ್ತಿಗೆ ಮರಳಿದಾಗ ಓಣಿಯಲ್ಲಿ ನಿಮ್ಮ ಹೆಜ್ಜೆಯ ಸದ್ದು ನಿಮಗೇ ಕೇಳುತ್ತದೆ. ಆಗ ದನಿ ತಗ್ಗಿಸಿ ಮಾತಾಡಿ. ಕಿಟಕಿಯ ಆಚೆ ಎರಡಡಿ ದೂರದಲ್ಲಿ ಯಾರೋ ಮಲಗಿರುತ್ತಾರೆ.

ಬೆಳಗಿನ ಸುತ್ತು

6.30ರ ಸುಮಾರಿಗೆ ರಬ್ಬರ್ ಹಾರ್ನಿನ ಪೋಂ ಪೋಂ ಸದ್ದು ಕೇಳಿದರೆ ಎದ್ದುಬಿಡಿ. ಅದು ಪೊದೆರ್, ಅಂದರೆ ಬ್ರೆಡ್ ಮಾರುವವನು. ಸೈಕಲ್ಲಿನ ಹಿಂದೆ ದೊಡ್ಡ ಬುಟ್ಟಿ, ಮೇಲೆ ಪ್ಲಾಸ್ಟಿಕ್ ಹೊದಿಕೆ. ಹೊದಿಕೆ ಸರಿಸಿದಾಗ ಹಬೆ ಮುಖಕ್ಕೆ ಬಡಿಯುತ್ತದೆ. ಮೆತ್ತನೆಯ ಪಾವ್, ಗಟ್ಟಿ ಸಿಪ್ಪೆಯ ಉಂಡೊ, ಬಳೆಯಾಕಾರದ ಕಾಂಕಣ್ ಇರುತ್ತವೆ, ನೀವು ಕೇಳಬೇಕಾದದ್ದು ಪೊಯ್. ಗೋಧಿ ತೌಡು ಮೆತ್ತಿದ ದುಂಡನೆಯ ರೊಟ್ಟಿ, ಒಳಗೆ ಜೇಬಿನಂತೆ ಪೊಳ್ಳು. ಚಿಲ್ಲರೆ ಮತ್ತು ಬಟ್ಟೆಯ ಚೀಲ ಹಿಡಿದು ಇಳಿಯಿರಿ. ಎಲ್ಲ ಮನೆಯವರೂ ಬಾಗಿಲಿಗೆ ಬಂದಿರುತ್ತಾರೆ, ಸರದಿ ತಪ್ಪಿಸಬೇಡಿ. ಅವ್ವ ಅಲ್ಲಿ ಎದುರು ಮನೆಯ ಹಿರಿಯ ಹೆಂಗಸಿನೊಂದಿಗೆ ಮಾತಿಗೆ ನಿಂತಳು. ಅವರು ಕೊಂಕಣಿ, ಇವಳು ಕನ್ನಡ. ಮೊಣಕಾಲು ನೋವಿಗೆ ಯಾವ ಎಣ್ಣೆ ಎಂಬುದರ ತನಕ ಮಾತು ಹೋಯಿತು, ಇಬ್ಬರಿಗೂ ಅರ್ಥವಾಯಿತು.

ಚಹಾ ಕುಡಿದು 7 ಗಂಟೆಗೆ ಹೊರಡಿ. ಮೊದಲು ಓಣಿಯ ತುದಿಯ ಸಂತ ಸೆಬಾಸ್ಟಿಯನ್ ಪ್ರಾರ್ಥನಾ ಮಂದಿರ, ಅದರ ಮುಂದಿನ ಬಾವಿ. ಒಳಗಿನ ಶಿಲುಬೆ ಹಿಂದೆ ಹಳೆಯ ಗೋವಾದ ಇನ್‌ಕ್ವಿಸಿಶನ್ ನ್ಯಾಯಸ್ಥಾನದಲ್ಲಿ, ಅಂದರೆ ಧರ್ಮ ತಪ್ಪಿದವರೆಂಬ ಆರೋಪ ಹೊತ್ತವರನ್ನು ಚರ್ಚು ವಿಚಾರಿಸುತ್ತಿದ್ದ ಜಾಗದಲ್ಲಿ ಇದ್ದದ್ದು. ಸಾಮಾನ್ಯವಾಗಿ ಶಿಲುಬೆಯ ಮೇಲಿನ ಏಸುವಿನ ತಲೆ ಬಾಗಿ ಕಣ್ಣು ಮುಚ್ಚಿರುತ್ತದೆ, ಇಲ್ಲಿ ತಲೆ ನೆಟ್ಟಗಿದೆ, ಕಣ್ಣು ತೆರೆದಿದೆ. ವಿಚಾರಣೆಗೆ ತಂದು ನಿಲ್ಲಿಸಿದವರು ಆ ಕಣ್ಣುಗಳನ್ನು ಎದುರಿಸಬೇಕಾಗಿತ್ತು ಎಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಬನ್ನಿ, ಬಾಗಿಲು ಮುಚ್ಚಿದ್ದರೆ ಯಾವಾಗ ತೆರೆಯುತ್ತದೆ ಎಂದು ಹೋಟೆಲಿನಲ್ಲಿ ವಿಚಾರಿಸಿ.

ಅಲ್ಲಿಂದ ಮಾಳಾ ಕೇರಿಯ ಕಡೆ ನಡೆದು ಬುಗ್ಗೆಯನ್ನು ನೋಡಿ, ಗುಡ್ಡದ ಮೇಲಿನ ಮಾರುತಿ ದೇವಸ್ಥಾನದ ಮೆಟ್ಟಿಲು ಹತ್ತಿ. ಮೇಲಿನಿಂದ ಇಡೀ ಬಡಾವಣೆಯ ಹೆಂಚಿನ ಮಾಡುಗಳು ಒಂದಕ್ಕೊಂದು ಒರಗಿ ಮಲಗಿದಂತೆ ಕಾಣುತ್ತವೆ. ಮೊಣಕಾಲು ನೋವಿನವರು ಪೈಲಟ್ ಅಥವಾ ರಿಕ್ಷಾದಲ್ಲಿ ರಸ್ತೆಯ ಕಡೆಯಿಂದ ಹೋಗಬಹುದು. ಅಲ್ತಿನ್ಹೊ ದಾಟಿ ಇನ್ನೊಂದು ಬದಿಗೆ ಇಳಿದರೆ ಚರ್ಚ್ ವೃತ್ತ. ಅಲ್ಲಿ ಅಡ್ಡಡ್ಡ ಮೆಟ್ಟಿಲುಗಳ ಬಿಳಿ ಚರ್ಚು. 1541ರಲ್ಲಿ ಸಣ್ಣ ಪ್ರಾರ್ಥನಾ ಮಂದಿರವಾಗಿದ್ದದ್ದು, 1619ರಲ್ಲಿ ದೊಡ್ಡದಾಗಿ ಮರುನಿರ್ಮಾಣವಾಯಿತು. ಹತ್ತಿರದಲ್ಲೇ ಕೆಫೆ ತಾತೊ, ಕೆಫೆ ಭೋಸ್ಲೆ. ಪಾವ್ ಜೊತೆ ಪಾತಳ ಭಾಜಿ ತಿನ್ನಿ, ಬನ್ಸ್ ಕೇಳಿ. ನಮ್ಮ ಕರಾವಳಿಯ ಬನ್ಸೇ, ಬಾಳೆಹಣ್ಣಿನ ಸಿಹಿ. ಬೇಗ ಹೋದವರಿಗೆ ಬಿಸಿಯಾಗಿ ಸಿಗುತ್ತದೆ.

ಮರಳುವಾಗ ನದಿಯ ದಂಡೆಗೆ ಬಂದು ಆದಿಲಶಾಹಿ ಅರಮನೆಯ ಎದುರು ನಿಲ್ಲಿ. ವಿಜಾಪುರದ ಸುಲ್ತಾನರಿಂದ ಪೋರ್ಚುಗೀಸರಿಗೆ, ಅವರಿಂದ 1961ರ ಡಿಸೆಂಬರ್ 19ರ ವಿಮೋಚನೆಯ ನಂತರ ಗೋವಾದ ವಿಧಾನಸಭೆಗೆ, ಹೀಗೆ ಒಂದೇ ಕಟ್ಟಡ ಕೈ ಬದಲಿಸುತ್ತ ಬಂದಿದೆ. ಪಕ್ಕದಲ್ಲಿ ಸಂಮೋಹನ ವಿದ್ಯೆಯ ಮೊದಲಿಗರಲ್ಲಿ ಒಬ್ಬನಾದ ಗೋವಾದ ಪಾದ್ರಿ ಅಬೆ ಫಾರಿಯಾನ ಪ್ರತಿಮೆಯಿದೆ. ಇಷ್ಟೆಲ್ಲ ಮುಗಿಸಿ ಕೋಣೆಗೆ ಬರುವಾಗ 9.30. ಅಷ್ಟರಲ್ಲಿ ಓಣಿಗೆ ಹೊರಗಿನ ಜನ ಬರತೊಡಗಿರುತ್ತಾರೆ, ನೀವು ಮಲಗಿ ಒಂದು ನಿದ್ದೆ ತೆಗೆಯಬಹುದು. ಹಗಲಿಗೆ ಹಳೆಯ ಗೋವಾ ಇದೆ. 1630ರ ದಶಕದಲ್ಲಿ ಕಟ್ಟಿದ, ರಾಯಬಂದರಿನವರೆಗೆ ಸುಮಾರು 3 ಕಿಲೋಮೀಟರ್ ಉದ್ದದ ಲಿನ್ಹಾರೆಸ್ ಕಟ್ಟೆರಸ್ತೆಯ ಮೇಲೆ ಬಸ್ಸಿನಲ್ಲಿ ಹೋಗಿ ಬನ್ನಿ.

ಫೋಟೋ ತೆಗೆಯುವ ಮೊದಲು

ಇದನ್ನು ನೇರವಾಗಿ ಹೇಳುತ್ತೇನೆ. ಫೊಂಟೇನ್ಹಾಸ್‌ನ ಹಲವು ಮನೆಗಳ ಬಾಗಿಲಲ್ಲಿ ಫೋಟೋ ತೆಗೆಯಬೇಡಿ ಎಂಬ ಫಲಕ ಇದೆ. ಅದು ನೋವಿನಿಂದ ಬರೆದದ್ದು. ಒಂದು ಬೆಳಿಗ್ಗೆ ನಮ್ಮ ಬಾಲ್ಕನಿಯಿಂದ ನೋಡುತ್ತಿದ್ದೆ. ಎದುರಿನ ನೀಲಿ ಮನೆಯ ಮೆಟ್ಟಿಲ ಮೇಲೆ ಆರು ಜನ ಸರದಿಯಂತೆ ಕೂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಒಳಗಿನಿಂದ ವಯಸ್ಸಾದ ಹೆಂಗಸೊಬ್ಬರು ಕೈಯಲ್ಲಿ ಮಾರುಕಟ್ಟೆಯ ಚೀಲ ಹಿಡಿದು ಬಾಗಿಲು ತೆರೆದರು. ಯಾರೂ ಏಳಲಿಲ್ಲ. ಒಬ್ಬ ಹುಡುಗ ಕೈಸನ್ನೆಯಲ್ಲೇ ಒಂದು ನಿಮಿಷ ತಡೆಯಿರಿ ಎಂದ. ಅವರು ತಮ್ಮದೇ ಮನೆಯ ಬಾಗಿಲಲ್ಲಿ ಕಾದು ನಿಂತರು.

ಹೋಟೆಲಿನ ಅತಿಥಿಯಾಗಿ ನಿಮಗೆ ಒಂದು ಅನುಕೂಲವಿದೆ: ನೀವು ಉಳಿದ ಕಟ್ಟಡವೂ ಅಷ್ಟೇ ಹಳೆಯದು, ಅಷ್ಟೇ ಚೆಂದದ್ದು. ಚಿತ್ರಗಳನ್ನು ಅದರ ಮೆಟ್ಟಿಲ ಮೇಲೆ, ಅದರ ಬಾಲ್ಕನಿಯಲ್ಲಿ ತೆಗೆಯಿರಿ. ಬೇರೆ ಮನೆಯದು ಬೇಕೆನಿಸಿದರೆ ರಸ್ತೆಯ ಈಚೆ ಬದಿಯಿಂದ, ಜನ ಕಾಣದಂತೆ, ಕಿಟಕಿಯೊಳಗೆ ಇಣುಕದಂತೆ ತೆಗೆಯಿರಿ. ಮನೆಯವರು ಹೊರಗೆ ಕೂತಿದ್ದರೆ ಕೇಳಿ. ನನಗೆ ಇಬ್ಬರು ಬೇಡ ಎಂದಿದ್ದಾರೆ, ಒಬ್ಬರು ಒಳಗೆ ಕರೆದು ತಮ್ಮ ಅಜ್ಜನ ಕಾಲದ ಬೀಟೆ ಮರದ ಕುರ್ಚಿಗಳನ್ನು ತೋರಿಸಿದ್ದಾರೆ. ಮದುವೆ ಮುಂಚಿನ ಚಿತ್ರೀಕರಣ, ಡ್ರೋನ್ ಇವನ್ನೆಲ್ಲ ಇಲ್ಲಿ ಮಾಡಲೇಬೇಡಿ.

ಹೊರಡುವ ದಿನ

ಕೋಣೆಯಲ್ಲಿ ಏನಾದರೂ ಸಡಿಲವಾಗಿದ್ದರೆ, ಸೋರುತ್ತಿದ್ದರೆ, ಕೊಕ್ಕೆ ಕಿತ್ತಿದ್ದರೆ ಕೀಲಿ ಕೊಡುವಾಗ ಹೇಳಿ. ಹಳೆಯ ಮನೆಯಲ್ಲಿ ಸಣ್ಣ ಬಿರುಕು ಒಂದು ಮಳೆಗಾಲ ಕಳೆಯುವುದರಲ್ಲಿ ದೊಡ್ಡದಾಗುತ್ತದೆ. ಆಮೇಲೆ ಅಂತರ್ಜಾಲದಲ್ಲಿ ಅಭಿಪ್ರಾಯ ಬರೆಯುವಾಗ ನೀವು ಇದ್ದ ಕೋಣೆಯ ಸಂಖ್ಯೆ, ಮಹಡಿ, ಕಿಟಕಿಯ ದಿಕ್ಕು ಬರೆಯಿರಿ. ಮುಂದೆ ಹೋಗುವ ಹಿರಿಯರೊಬ್ಬರಿಗೆ ನಕ್ಷತ್ರಗಳ ಲೆಕ್ಕಕ್ಕಿಂತ ಅದೇ ಹೆಚ್ಚು ಉಪಯೋಗ. ಕೆಲಸದ ಹುಡುಗರಿಗೆ ಕೊಡುವುದನ್ನು ಅವರ ಕೈಗೇ ಕೊಡಿ.

ಮನೆಗೆ ಒಯ್ಯಲು ಬೇಬಿಂಕಾ, ದೋದೋಲ್ ಎಂಬ ಗೋವಾದ ಸಿಹಿತಿಂಡಿಗಳು ಎಲ್ಲ ಕಡೆ ಸಿಗುತ್ತವೆ. ಓಣಿಯಲ್ಲೇ ಕೊನ್ಫೆಯ್ತಾರಿಯಾ 31 ದೆ ಜನೆಯ್ರೊ ಎಂಬ ಹಳೆಯ ಬೇಕರಿ ಇದೆ. ಅವ್ವ ಮಾತ್ರ ಕೊನೆಯ ದಿನ ಬೆಳಿಗ್ಗೆ ಪೊದೆರ್ ಬಂದಾಗ ಒಂದು ಡಜನ್ ಪೊಯ್ ಕಟ್ಟಿಸಿಕೊಳ್ಳುತ್ತಾಳೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಡಿ, ಬೆವರಿ ಹಾಳಾಗುತ್ತದೆ, ಹತ್ತಿ ಬಟ್ಟೆಯಲ್ಲಿ ಸುತ್ತಿ ಚೀಲದ ಮೇಲ್ಭಾಗದಲ್ಲಿ ಇಡಿ. ಮರುದಿನಕ್ಕೆ ಗಟ್ಟಿಯಾಗುತ್ತದೆ. ಎರಡೂ ಬದಿಗೆ ನೀರು ಚಿಮುಕಿಸಿ ಕಾದ ಹಂಚಿನ ಮೇಲೆ ಮುಚ್ಚಳ ಮುಚ್ಚಿ ಅರ್ಧ ನಿಮಿಷ ಇಟ್ಟರೆ ಮತ್ತೆ ಮೆತ್ತಗಾಗಿ ಉಬ್ಬುತ್ತದೆ. ಹೊಟ್ಟೆ ಸೀಳಿ ಶೇಂಗಾ ಚಟ್ನಿಪುಡಿ, ಮೊಸರು ತುಂಬಿ ಕೊಡುತ್ತಾಳೆ.